ಹೊರೆ ಹೊರುವ ಸೈಕಲ್

ದಕ್ಷಿಣ ಕನ್ನಡದ ಬಿ.ಸಿ.ರೋಡಿನಿಂದ ಬೆಳ್ತಂಗಡಿ ಕಡೆಗೋ ಮೂಡುಬಿದಿರೆ ಕಡೆಗೋ ಹೊರಟರೆ ನೇತ್ರಾವತಿ ದಂಡೆಯ ಸಮತಟ್ಟು ಬೇಗ ಮುಗಿಯುತ್ತದೆ. ಆಮೇಲೆ ಮುರಕಲ್ಲಿನ ಗುಡ್ಡೆಗಳು, ಏರು, ಇಳಿಜಾರು, ತಿರುವು. ಸೈಕಲ್ಲಿಗೆ ಹೇಳಿ ಮಾಡಿಸಿದ ಊರುಗಳಲ್ಲ ಇವು. ಆದರೂ ಮೀನು, ಬ್ರೆಡ್ಡು, ಅಂಚೆ ಮನೆಬಾಗಿಲಿಗೆ ಬರುತ್ತಿದ್ದುದು ಬಹುಕಾಲ ಗೇರಿಲ್ಲದ ಕಪ್ಪು ಸೈಕಲ್ಲಿನಲ್ಲೇ. ಆ ಸೈಕಲ್ಲಿನ ರಚನೆ ನೋಡಿದರೆ ಇದರ ಗುಟ್ಟು ತಿಳಿಯುತ್ತದೆ.

ಬಂದ ದಾರಿ

ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಚಕ್ರ, ನಡುವೆ ಪೆಡಲು, ಹಿಂದಿನ ಚಕ್ರಕ್ಕೆ ಚೈನು: ಈ ರೂಪವನ್ನು 1885ರಲ್ಲಿ ‘ರೋವರ್’ ಹೆಸರಿನಲ್ಲಿ ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ. ಗಾಳಿ ತುಂಬಿದ ಡನ್‌ಲಪ್ ಟೈರು ಬಂದದ್ದು 1888ರಲ್ಲಿ. ಮುಂದೆ ರ‍್ಯಾಲಿ, ಹಂಬರ್, ಬಿಎಸ್‌ಎ ಸೈಕಲ್ಲುಗಳು ಹಡಗೇರಿ ಭಾರತಕ್ಕೆ ಬಂದವು. ಸ್ವಾತಂತ್ರ್ಯಾನಂತರ ಮದರಾಸಿನ ಟಿ.ಐ. ಸೈಕಲ್ಸ್ (1949), ಸೋನೀಪತ್‌ನ ಅಟ್ಲಾಸ್ (1951), ಲೂಧಿಯಾನದ ಹೀರೊ (1956) ಅದೇ ಮಾದರಿಯನ್ನು ಇಲ್ಲೇ ತಯಾರಿಸಿ ಹಳ್ಳಿಹಳ್ಳಿಗೆ ಮುಟ್ಟಿಸಿದವು.

ಯಾವ ಭಾಗ ಯಾಕೆ?

ಈ ಕಪ್ಪು ಸೈಕಲ್ಲಿನ ತೂಕ 20 ಕಿಲೊ ಆಸುಪಾಸು. 28 ಇಂಚಿನ ದೊಡ್ಡ ಚಕ್ರ ಸಣ್ಣಪುಟ್ಟ ಹೊಂಡಗಳನ್ನು ಸಲೀಸಾಗಿ ದಾಟುತ್ತದೆ. ಭಾರ ಬೀಳುವುದು ಹಿಂದೆ. ಅದಕ್ಕೇ ಹಿಂದಿನ ಚಕ್ರಕ್ಕೆ 40 ಕಡ್ಡಿ, ಮುಂದಿನದಕ್ಕೆ 32. ಮುಂದಿನ ಫೋರ್ಕು ವಾಲಿಕೊಂಡಿದ್ದು, ಚಕ್ರಗಳ ಅಂತರವೂ ಹೆಚ್ಚಿರುವುದರಿಂದ ಹೊರೆಯಿದ್ದಾಗಲೂ ಹ್ಯಾಂಡಲ್ ತಟ್ಟನೆ ತಿರುಗದು. ಸ್ಟ್ಯಾಂಡಿಗೆ ಎರಡು ಕಾಲು. ಹಾಕಿದರೆ ಹಿಂದಿನ ಚಕ್ರವೇ ನೆಲ ಬಿಟ್ಟು ಮೇಲೇಳುತ್ತದೆ, ಮೀನಿನ ಬುಟ್ಟಿ ವಾಲುವುದಿಲ್ಲ. ಚೈನ್ ಕವರ್ ಇರುವುದು ಪಂಚೆ ಸಿಕ್ಕಿಕೊಳ್ಳದಿರಲಿ ಎಂದು. ಹೆಚ್ಚು ಭಾರ ಹೊರುವವರಿಗೆ ಡಬಲ್ ಬಾರ್ ಮಾದರಿಯೂ ಉಂಟು.

ಸರಳಿನ ಬ್ರೇಕು ರಬ್ಬರ್ ಕಟ್ಟೆಗಳನ್ನು ರಿಮ್ಮಿನ ಒಳಮೈಗೆ ಒತ್ತುತ್ತದೆ. ಹಾಗಾಗಿ ರಿಮ್ಮು ಅಕ್ಕಪಕ್ಕಕ್ಕೆ ಸ್ವಲ್ಪ ಬೆಂಡಾದರೂ ಸವಾರಿ ನಿಲ್ಲುವುದಿಲ್ಲ. ಬಹುಪಾಲು ರಿಪೇರಿಗೆ ಸ್ಪ್ಯಾನರು, ಸುತ್ತಿಗೆ, ಪಂಪು, ಪಂಕ್ಚರ್ ಸಾಮಾನು ಇದ್ದರೆ ಸಾಕು.

ಏರಿನಲ್ಲಿ ಏನಾಗುತ್ತದೆ?

ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು ಐದೂವರೆ ಮೀಟರ್ ಸಾಗುತ್ತದೆ. ಸಮತಟ್ಟಿನಲ್ಲಿ ಇದು ಹಿತ. ಹೊರೆಯೊಂದಿಗೆ ಗುಡ್ಡೆ ಹತ್ತುವಾಗ ಕಾಲು ಸೋಲುತ್ತದೆ. ಆಗ ಇಳಿದು ತಳ್ಳಬೇಕು. ತಲೆಹೊರೆಯಲ್ಲಿ ಒಯ್ಯಲಾಗದ ಭಾರವನ್ನೂ ಸೈಕಲ್ಲಿಗೆ ಕಟ್ಟಿ ತಳ್ಳಬಹುದು. ಈ ಸೀಮೆಯಲ್ಲಿ ಸೈಕಲ್ ಅರ್ಧ ವಾಹನ, ಅರ್ಧ ಕೈಗಾಡಿ.

ನಿಜವಾದ ಕೊರತೆ ಇಳಿಜಾರಿನಲ್ಲಿದೆ. ಮಳೆಗೆ ನೆನೆದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ ಸುರಿಯುವ ಜಿಲ್ಲೆಯಲ್ಲಿ ಇದು ಸಣ್ಣ ದೋಷವಲ್ಲ. ಮೊಪೆಡ್ಡು, ಆಟೊಗಳು ಬಂದಾಗ ಮೀನಿನವರು ಅತ್ತ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ.

ಯಾವುದು ಸಾಂಪ್ರದಾಯಿಕ?

ಕಪ್ಪು ಬಣ್ಣ, ಹಳೆಯ ಬ್ರ್ಯಾಂಡು, ಸರಳಿನ ಬ್ರೇಕು ಇದ್ದರೆ ಸಾಕು, ಅದು ಸಾಂಪ್ರದಾಯಿಕ ಸೈಕಲ್ ಎನ್ನುವವರಿದ್ದಾರೆ. ಹಾಗಾದರೆ 2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳನ್ನು ಎಲ್ಲಿ ಸೇರಿಸೋಣ? ಅವುಗಳದೂ ಶಾಲೆಗೆ ಹೋಗಿಬರುವ ನಿತ್ಯದ ದುಡಿಮೆಯೇ. ಹಳೇ ಚಂದದ ಹ್ಯಾಂಡಲ್ ಇದ್ದು ಕ್ಯಾರಿಯರೇ ಇಲ್ಲದ ಹೊಸ ಸೈಕಲ್ಲಿಗೆ ವೇಷವಷ್ಟೇ ಸಾಂಪ್ರದಾಯಿಕ. ಗೇರು, ಡ್ರಮ್ ಬ್ರೇಕು ಸೇರಿಸಿದರೂ ಹೊರೆ ಹೊತ್ತು, ಊರಿನ ಅಂಗಡಿಯಲ್ಲೇ ರಿಪೇರಿಯಾಗುವ ಸೈಕಲ್ ಆ ಪರಂಪರೆಗೆ ಸೇರಿದ್ದೇ.

ಸೈಕಲ್ ಕೊಳ್ಳುವ ಮೊದಲು ನಾಲ್ಕು ಸಂಗತಿ ನೋಡಿ: ಕ್ಯಾರಿಯರ್ ಭಾರ ತಾಳುತ್ತದೆಯೇ, ಸ್ಟ್ಯಾಂಡ್ ಗಟ್ಟಿಯಿದೆಯೇ, ಆ ಅಳತೆಯ ಟೈರು-ಟ್ಯೂಬು ನಿಮ್ಮ ಪೇಟೆಯಲ್ಲಿ ಸಿಗುತ್ತದೆಯೇ, ಮಳೆಯಲ್ಲಿ ಬ್ರೇಕು ಹಿಡಿಯುತ್ತದೆಯೇ. ಬಣ್ಣ ಆರಿಸುವುದು ಆಮೇಲೆ.