ಮೆದುಳಿನ ಅಧ್ಯಯನ: ನಿಮ್ಹಾನ್ಸ್‌ನಲ್ಲಿ ನಮ್ಮ ಯುವಜನರಿಗೂ ಅವಕಾಶ

ಕರಾವಳಿಯಿಂದ ಬಂದು ಬೆಂಗಳೂರಿನ ತ್ಯಾಗರಾಜನಗರ, ಬಸವನಗುಡಿ ಸುತ್ತಮುತ್ತ ಉಳಿದುಕೊಂಡು ಓದುವ ಯುವಜನರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಅಷ್ಟೇನೂ ದೂರವಲ್ಲ. ಆದರೆ ಅನೇಕರಿಗೆ ಅದು ಆಸ್ಪತ್ರೆಯೆಂದಷ್ಟೇ ಗೊತ್ತು. 1974ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1994ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 2012ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯೆನಿಸಿತು.

ಇಲ್ಲಿ ಕಲಿಯಲು ಡಾಕ್ಟರೇ ಆಗಿರಬೇಕೆಂದಿಲ್ಲ. ಪಿಯುಸಿ ವಿಜ್ಞಾನ ಓದಿದವರಿಗೆ ಬಿ.ಎಸ್ಸಿ. ನರ್ಸಿಂಗ್, ನರ್ಸಿಂಗ್ ಪದವೀಧರರಿಗೆ ಮನೋವೈದ್ಯಕೀಯ ನರ್ಸಿಂಗ್‌ನಲ್ಲಿ ಎಂ.ಎಸ್ಸಿ., ಜೀವವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ನರವಿಜ್ಞಾನದಲ್ಲಿ ಪಿಎಚ್.ಡಿ. ಇದೆ. ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ನಮ್ಮ ಮಂಗಳೂರಿನ ರೋಶನಿ ನಿಲಯದಂಥ ಕಾಲೇಜುಗಳಲ್ಲಿ ಎಂ.ಎಸ್.ಡಬ್ಲ್ಯು. ಮಾಡಿದವರು ಇದನ್ನು ಗಮನಿಸಬೇಕು.

ಸಂಶೋಧನೆಗೆ ದೊಡ್ಡ ಆಧಾರ 1995ರಲ್ಲಿ ಆರಂಭವಾದ ಮೆದುಳಿನ ಬ್ಯಾಂಕ್. ಪಾರ್ಕಿನ್ಸನ್, ಮರೆವಿನ ಕಾಯಿಲೆಗಳಲ್ಲಿ ಜೀವಕೋಶಗಳು ಹೇಗೆ ನಾಶವಾಗುತ್ತವೆ ಎಂಬುದು ಸ್ಕ್ಯಾನಿಂಗ್‌ನಲ್ಲಿ ಪೂರ್ತಿ ಕಾಣುವುದಿಲ್ಲ. ಮೆದುಳಿನ ಚೂರನ್ನೇ ಸೂಕ್ಷ್ಮದರ್ಶಕದಡಿ ನೋಡಬೇಕು. ಅದಕ್ಕೆ ಮೃತರ ಮೆದುಳು ಬೇಕು, ಅದೂ ಕೆಲವೇ ಗಂಟೆಗಳೊಳಗೆ, ಮನೆಯವರ ಒಪ್ಪಿಗೆಯಿಂದ. ‘ಹಾಗಾದರೆ ಪುನರುತ್ಥಾನ ಹೇಗೆ?’ ಎಂದು ಹಿರಿಯರು ಅಳುಕುವುದುಂಟು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2301ನೇ ಪರಿಚ್ಛೇದ ವೈಜ್ಞಾನಿಕ ಸಂಶೋಧನೆಗಾಗಿ ಶವಪರೀಕ್ಷೆಯನ್ನೂ ಮರಣಾನಂತರದ ಅಂಗದಾನವನ್ನೂ ಒಪ್ಪುತ್ತದೆ. ಆದರೂ ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರದಿದ್ದರೆ ಸಾವಿನ ಹೊತ್ತಿನಲ್ಲಿ ಒಪ್ಪಿಗೆ ಕೊಡುವುದು ಯಾರಿಗೂ ಸುಲಭವಲ್ಲ.