ಲೆಕ್ಕ ಬಲ್ಲ ಚಾನ್ಸಲರ್

2020ರ ಏಪ್ರಿಲ್ 15. ಕೊರೊನಾ ಕಾಯಿಲೆಗೆ ಹೆದರಿ ಜಗತ್ತೇ ಬಾಗಿಲು ಹಾಕಿಕೊಂಡು ಕುಳಿತಿದ್ದ ದಿನಗಳು. ಬರ್ಲಿನ್ ನಗರದಲ್ಲಿ ಜರ್ಮನಿಯ ಚಾನ್ಸಲರ್ ಏಂಜೆಲಾ ಮರ್ಕೆಲ್ ಪತ್ರಕರ್ತರನ್ನು ಎದುರುಗೊಂಡಿದ್ದರು. ಚಾನ್ಸಲರ್ ಎಂದರೆ ಹೆಚ್ಚು ಕಡಿಮೆ ನಮ್ಮ ಪ್ರಧಾನಮಂತ್ರಿಯ ಹುದ್ದೆ. ನಿರ್ಬಂಧಗಳನ್ನು ಎಂದು ಸಡಿಲಿಸುತ್ತೀರಿ ಎಂದು ಎಲ್ಲರಿಗೂ ತಿಳಿಯಬೇಕಿತ್ತು. ರಾಜಕಾರಣಿಗಳು ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಧೈರ್ಯ ಹೇಳುತ್ತಾರೆ. ಈಕೆ ಲೆಕ್ಕ ಹೇಳಿಕೊಟ್ಟರು.

ಈಗ ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗೆ ಸೋಂಕು ತಗಲುತ್ತಿದೆ. ಅದು 1.1 ಆದರೆ ಅಕ್ಟೋಬರ್ ಹೊತ್ತಿಗೆ ನಮ್ಮ ಆಸ್ಪತ್ರೆಗಳ ತೀವ್ರ ನಿಗಾ ಹಾಸಿಗೆಗಳು ಭರ್ತಿಯಾಗುತ್ತವೆ. 1.2 ಆದರೆ ಜುಲೈಗೇ ಆ ಸ್ಥಿತಿ ಬರುತ್ತದೆ. 1.3 ಆದರೆ ಜೂನ್‌ಗೇ. ಇಷ್ಟೇ ಆಕೆ ಹೇಳಿದ್ದು.

1ಕ್ಕೂ 1.1ಕ್ಕೂ ಏನು ಮಹಾ ವ್ಯತ್ಯಾಸ ಎನ್ನುವ ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ನೂರು ರೋಗಿಗಳಿಂದ ಆರಂಭಿಸಿ, ಸೋಂಕು ಹತ್ತು ಸುತ್ತು ಕೈ ಬದಲಾಯಿಸಿತೆನ್ನಿ. ಗುಣಕ 1 ಇದ್ದರೆ ಹತ್ತನೇ ಸುತ್ತಿನಲ್ಲೂ ನೂರೇ ಹೊಸ ರೋಗಿಗಳು. 1.1 ಇದ್ದರೆ 259, 1.2 ಇದ್ದರೆ 619, 1.3 ಇದ್ದರೆ 1,379. ಇಪ್ಪತ್ತು ಸುತ್ತು ಹೋಗಿ ನೋಡಿ, 1.1ರ ನೂರು 673 ಆಗಿದ್ದರೆ 1.3ರ ನೂರು ಹತ್ತೊಂಬತ್ತು ಸಾವಿರ ಮುಟ್ಟಿರುತ್ತದೆ. ನಮ್ಮ ಗಣಿತದಲ್ಲಿ ಬರುವ ಗುಣೋತ್ತರ ಶ್ರೇಢಿಯೇ ಇದು. ಪರೀಕ್ಷೆಯಲ್ಲಿ ಎರಡೋ ಮೂರೋ ಅಂಕಕ್ಕೆ ಬಂದು ಹೋಗುವ ಈ ಲೆಕ್ಕವನ್ನು ಎಂಟು ಕೋಟಿ ಜನರ ದೇಶವನ್ನಾಳುವ ಹೆಂಗಸೊಬ್ಬಳು ಟಿ.ವಿ.ಯಲ್ಲಿ ಬಿಡಿಸಿ ತೋರಿಸಿದರೆಂದು ಆ ವಾರ ಪ್ರಪಂಚದ ಪತ್ರಿಕೆಗಳೆಲ್ಲ ಬರೆದವು.

ಆಕೆಗೆ ಅದು ಹೊಸತಲ್ಲ. ರಾಜಕೀಯಕ್ಕೆ ಬರುವ ಮುನ್ನ ಆಕೆಯ ಕಸುಬೇ ಅದಾಗಿತ್ತು.

ಏಂಜೆಲಾ ಹುಟ್ಟಿದ್ದು 1954ರ ಜುಲೈ 17ರಂದು, ಪಶ್ಚಿಮ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ತಂದೆ ಕ್ರೈಸ್ತ ಪಾದ್ರಿ. ಕಮ್ಯುನಿಸ್ಟರ ಆಳ್ವಿಕೆಯಿದ್ದ ಪೂರ್ವ ಜರ್ಮನಿಯಿಂದ ಜನ ಪಶ್ಚಿಮಕ್ಕೆ ಓಡಿಬರುತ್ತಿದ್ದ ಕಾಲದಲ್ಲಿ ಈ ಮನುಷ್ಯ ಎದುರು ದಿಕ್ಕಿಗೆ ಹೊರಟರು; ಹೆಂಡತಿ ಕೆಲವೇ ವಾರಗಳ ಕೂಸನ್ನು ಎತ್ತಿಕೊಂಡು ಹಿಂಬಾಲಿಸಿದರು. ಅಲ್ಲಿನ ಚರ್ಚುಗಳಿಗೆ ಪಾದ್ರಿಗಳು ಬೇಕಾಗಿದ್ದರು. ಟೆಂಪ್ಲಿನ್ ಎಂಬ ಸಣ್ಣ ಊರಿನಲ್ಲಿ ಸಂಸಾರ ನೆಲೆಯೂರಿತು. ತಾಯಿ ಇಂಗ್ಲಿಷ್, ಲ್ಯಾಟಿನ್ ಕಲಿಸಬಲ್ಲ ಶಿಕ್ಷಕಿ. ಆದರೆ ಪಾದ್ರಿಯ ಹೆಂಡತಿ ಎಂಬ ಕಾರಣಕ್ಕೆ ಸರ್ಕಾರಿ ಶಾಲೆಯಲ್ಲಿ ಆಕೆಗೆ ಕೆಲಸವಿಲ್ಲ. 1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದಾಗ ಏಂಜೆಲಾಗೆ ಏಳು ವರ್ಷ. ಅಜ್ಜಿ, ಚಿಕ್ಕಮ್ಮ ಎಲ್ಲ ಗೋಡೆಯ ಆಚೆ ಉಳಿದರು.

ಆ ಹುಡುಗಿಯ ಸ್ವಭಾವ ತಿಳಿಯಬೇಕಿದ್ದರೆ ಆಕೆಯೇ ಹೇಳಿಕೊಂಡಿರುವ ಒಂದು ಪ್ರಸಂಗ ಸಾಕು. ಶಾಲೆಯ ಈಜು ತರಗತಿಯಲ್ಲಿ ಮೂರು ಮೀಟರ್ ಎತ್ತರದ ಹಲಗೆಯಿಂದ ನೀರಿಗೆ ಹಾರಬೇಕಿತ್ತು. ಏಂಜೆಲಾ ಹಲಗೆಯ ಮೇಲೆ ಹೋಗಿ ನಿಂತಳು. ಹಾರಲೂ ಇಲ್ಲ, ಇಳಿಯಲೂ ಇಲ್ಲ. ಪಾಠದ ಅವಧಿಯಿಡೀ ಯೋಚಿಸುತ್ತ ನಿಂತವಳು ಗಂಟೆ ಹೊಡೆಯುವ ಹೊತ್ತಿಗೆ ಧುಮುಕಿದಳು. ಮುಂದೆ ಹದಿನಾರು ವರ್ಷದ ಆಡಳಿತದಲ್ಲಿ ಆಕೆಯ ಮೆಚ್ಚುಗರೂ ಟೀಕಾಕಾರರೂ ಈ ಹಲಗೆಯ ಕಥೆಯನ್ನು ತಮಗೆ ಬೇಕಾದಂತೆ ಬಳಸಿಕೊಂಡರು.

ಶಾಲೆಯಲ್ಲಿ ಗಣಿತ ಮತ್ತು ರಷ್ಯನ್ ಭಾಷೆಯಲ್ಲಿ ಆಕೆ ಎಲ್ಲರಿಗಿಂತ ಮುಂದೆ. 1973ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯ ಸೇರಿ ಭೌತಶಾಸ್ತ್ರ ಆರಿಸಿಕೊಂಡರು. ಏಕೆ ಭೌತಶಾಸ್ತ್ರ? ಇದಕ್ಕೆ ಆಕೆ ಸಂಸತ್ತಿನಲ್ಲೇ ಉತ್ತರ ಕೊಟ್ಟಿದ್ದಾರೆ. 2020ರ ಡಿಸೆಂಬರ್ 9ರಂದು ಕೊರೊನಾ ಅಂಕಿ ಅಂಶಗಳ ಬಗ್ಗೆ ಮಾತಾಡುತ್ತಿದ್ದಾಗ ಎದುರು ಸಾಲಿನಿಂದ ಕೂಗಾಟ ಶುರುವಾಯಿತು. ಪೂರ್ವ ಜರ್ಮನಿಯಲ್ಲಿ ಏನನ್ನು ಬೇಕಾದರೂ ರದ್ದು ಮಾಡಬಹುದಿತ್ತು, ಆದರೆ ಗುರುತ್ವಾಕರ್ಷಣೆಯನ್ನಾಗಲೀ ಬೆಳಕಿನ ವೇಗವನ್ನಾಗಲೀ ರದ್ದು ಮಾಡುವಂತಿರಲಿಲ್ಲ, ಅದಕ್ಕೇ ಭೌತಶಾಸ್ತ್ರ ಓದಿದೆ ಎಂಬರ್ಥದ ಮಾತು ಹೇಳಿ ಆಕೆ ಭಾಷಣ ಮುಂದುವರಿಸಿದರು.

ಈ ಮಾತಿನ ತೂಕ ತಿಳಿಯಲು ಆ ದೇಶದ ಸ್ಥಿತಿ ನೆನೆಯಬೇಕು. ಅಲ್ಲಿ ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯ ಎಲ್ಲಕ್ಕೂ ಪಕ್ಷ ಒಪ್ಪಿದ ಉತ್ತರವೊಂದಿರುತ್ತಿತ್ತು. ಭೌತಶಾಸ್ತ್ರದ ಪ್ರಶ್ನೆಪತ್ರಿಕೆಗೆ ಮಾತ್ರ ಪಕ್ಷದ ಉತ್ತರ ಎಂಬುದಿಲ್ಲ. ‘ಬರೀ ಬಿ.ಎಸ್ಸಿ. ಓದಿ ಏನು ಮಾಡ್ತಾನೆ ಸಾರ್, ಎಂಜಿನಿಯರಿಂಗ್ ಸಿಗದಿದ್ದರೆ ನೋಡೋಣ’ ಎಂದು ನಮ್ಮಲ್ಲಿ ಪಾಲಕರು ಕೇಳುತ್ತಾರೆ. ನಾನೂ ಮೂವತ್ತು ವರ್ಷದಿಂದ ಕೇಳಿಸಿಕೊಳ್ಳುತ್ತಲೇ ಇದ್ದೇನೆ. ಸುಳ್ಳು ಹೇಳದೆ ಬದುಕಲು ಒಂದಿಷ್ಟು ಜಾಗ ಬೇಕೆಂದು ವಿಜ್ಞಾನ ಓದಿದವರೂ ಇದ್ದಾರೆಂಬುದು ಅವರಿಗೂ ತಿಳಿದಿರಲಿ.

ಜಾಗ ಸುಲಭವಾಗಿಯೇನೂ ಸಿಗಲಿಲ್ಲ. 1978ರಲ್ಲಿ ಇಲ್ಮೆನೌ ಎಂಬಲ್ಲಿಯ ತಾಂತ್ರಿಕ ವಿದ್ಯಾಸಂಸ್ಥೆಗೆ ಕೆಲಸದ ಸಂದರ್ಶನಕ್ಕೆ ಹೋದಾಗ ಗುಪ್ತ ಪೊಲೀಸ್ ಇಲಾಖೆಯವರು ಕಾದು ಕುಳಿತಿದ್ದರು. ಸಹೋದ್ಯೋಗಿಗಳ ಬಗ್ಗೆ ಗುಟ್ಟಾಗಿ ವರದಿ ಕೊಡಬೇಕು ಎಂದರು. ನನಗೆ ಬಾಯಿ ಕಟ್ಟಿಕೊಂಡಿರಲು ಬರುವುದಿಲ್ಲ, ಗೆಳೆಯರಿಗೆಲ್ಲ ಹೇಳಿಬಿಡುತ್ತೇನೆ ಎಂದು ಆಕೆ ಜಾರಿಕೊಂಡರು. ಆ ಕೆಲಸ ಸಿಗಲಿಲ್ಲ. ಬರ್ಲಿನ್‌ನ ವಿಜ್ಞಾನ ಅಕಾಡೆಮಿಯ ಭೌತರಸಾಯನ ಸಂಸ್ಥೆ ಸೇರಿ ಹನ್ನೆರಡು ವರ್ಷ ಅಲ್ಲೇ ಕಳೆದರು. ಅಣುವಿನೊಳಗಿನ ಬಂಧ ಮುರಿದು ಅದು ಚೂರಾಗುವ ಕ್ರಿಯೆ ಎಷ್ಟು ವೇಗದಲ್ಲಿ ನಡೆಯುತ್ತದೆಂದು ಕ್ವಾಂಟಂ ಸಿದ್ಧಾಂತದ ನೆರವಿನಿಂದ ಲೆಕ್ಕ ಹಾಕುವುದು ಆಕೆಯ ವಿಷಯ. 1986ರಲ್ಲಿ ಡಾಕ್ಟರೇಟ್ ಬಂತು. ಅದರ ಜೊತೆಗೆ ಮಾರ್ಕ್ಸ್‌ವಾದದ ಬಗ್ಗೆ ಕಡ್ಡಾಯವಾಗಿ ಬರೆಯಬೇಕಿದ್ದ ಪ್ರಬಂಧದಲ್ಲಿ ಮಾತ್ರ ಬರೀ ಪಾಸು!

1989ರ ನವೆಂಬರ್ 9, ಗುರುವಾರ. ಗಡಿ ತೆರೆಯುವ ಸುದ್ದಿ ಟಿ.ವಿ.ಯಲ್ಲಿ ಬಂತು. ಪ್ರತಿ ಗುರುವಾರ ಗೆಳತಿಯೊಂದಿಗೆ ಹಬೆಸ್ನಾನಕ್ಕೆ ಹೋಗುವುದು ಏಂಜೆಲಾರ ರೂಢಿ. ಅಂದೂ ಹೋದರು. ಸ್ನಾನ ಮುಗಿಸಿ ಬಂದ ಮೇಲೆ ಜನಜಂಗುಳಿಯ ಜೊತೆ ಗೋಡೆ ದಾಟಿದರು. ಕೆಲವೇ ವಾರಗಳಲ್ಲಿ ಹೊಸದೊಂದು ಸಣ್ಣ ಪಕ್ಷದ ಕಚೇರಿಗೆ ಹೋಗಿ ಏನಾದರೂ ಕೆಲಸವಿದೆಯೇ ಎಂದು ಕೇಳಿದರು. ಪಶ್ಚಿಮದಿಂದ ಬಂದ ಕಂಪ್ಯೂಟರುಗಳು ಪೆಟ್ಟಿಗೆಯಲ್ಲೇ ಬಿದ್ದಿದ್ದವು. ಅವನ್ನು ಬಿಚ್ಚಿ ಜೋಡಿಸಿಕೊಟ್ಟದ್ದು ಆಕೆಯ ಮೊದಲ ರಾಜಕೀಯ ಸೇವೆ.

ಮುಂದಿನದು ಬೇಗ ಬೇಗ ನಡೆಯಿತು. 1990ರ ಡಿಸೆಂಬರಿನಲ್ಲಿ ಸಂಸತ್ ಸದಸ್ಯೆ, ಮರುತಿಂಗಳು ಹೆಲ್ಮುಟ್ ಕೋಲ್ ಸಂಪುಟದಲ್ಲಿ ಮಹಿಳಾ ಮತ್ತು ಯುವಜನ ಸಚಿವೆ, 1994ರಲ್ಲಿ ಪರಿಸರ ಸಚಿವೆ. 1995ರಲ್ಲಿ ಬರ್ಲಿನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಮೊದಲ ಹವಾಮಾನ ಸಮ್ಮೇಳನದ ಅಧ್ಯಕ್ಷತೆ ಆಕೆಯದೇ. 1997ರ ಕ್ಯೋಟೋ ಒಪ್ಪಂದಕ್ಕೆ ದಾರಿಯಾದದ್ದು ಅಲ್ಲಿನ ನಿರ್ಣಯ. ‘ನನ್ನ ಹುಡುಗಿ’ ಎಂದು ಕೋಲ್ ಆಕೆಯನ್ನು ಕರೆಯುತ್ತಿದ್ದರು. ಅದೇ ಕೋಲ್ ಪಕ್ಷದ ಗುಪ್ತ ದೇಣಿಗೆ ಹಗರಣದಲ್ಲಿ ಸಿಕ್ಕಿಬಿದ್ದಾಗ, ಪಕ್ಷ ಇನ್ನು ಆತನನ್ನು ಬಿಟ್ಟು ನಡೆಯಲು ಕಲಿಯಬೇಕೆಂದು 1999ರ ಡಿಸೆಂಬರಿನಲ್ಲಿ ಪತ್ರಿಕೆಯೊಂದರಲ್ಲಿ ಬರೆದವರು ಆ ಹುಡುಗಿಯೇ. ನಾಲ್ಕು ತಿಂಗಳಲ್ಲಿ ಪಕ್ಷದ ಅಧ್ಯಕ್ಷೆಯಾದರು. 2005ರ ನವೆಂಬರ್ 22ರಂದು ಜರ್ಮನಿಯ ಮೊದಲ ಮಹಿಳಾ ಚಾನ್ಸಲರ್. ರಸಾಯನ ವಿಜ್ಞಾನಿಯಾದ ಪತಿ ಯೋಆಖಿಮ್ ಸೌವರ್ ಆ ಸಮಾರಂಭಕ್ಕೂ ಬರಲಿಲ್ಲ. ತಮ್ಮ ಸಂಸ್ಥೆಯಲ್ಲೇ ಕುಳಿತು ಟಿ.ವಿ.ಯಲ್ಲಿ ನೋಡಿದರಂತೆ.

ವಿಜ್ಞಾನ ಓದಿದವರು ಆಳಿದರೆ ಎಲ್ಲ ಸರಿಹೋಗುತ್ತದೆಯೇ? ಹಾಗೆಂದು ನಂಬುವ ನನ್ನಂಥ ಮೇಷ್ಟ್ರುಗಳಿಗೆ ಮರ್ಕೆಲ್ ಅಷ್ಟು ಸುಲಭವಾಗಿ ಸಾಕ್ಷಿ ಹೇಳುವುದಿಲ್ಲ.

ಪರಮಾಣು ವಿದ್ಯುತ್ತಿನ ವಿಷಯವನ್ನೇ ನೋಡಿ. 2010ರಲ್ಲಿ ಆಕೆಯ ಸರ್ಕಾರ ದೇಶದ 17 ರಿಯಾಕ್ಟರುಗಳ ಆಯುಷ್ಯವನ್ನು ಸರಾಸರಿ 12 ವರ್ಷ ಹೆಚ್ಚಿಸಿತು. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ, ಸುನಾಮಿ, ಫುಕುಶಿಮಾ ದುರಂತ. ಒಂದು ವಾರದೊಳಗೆ ಜರ್ಮನಿಯ ಹಳೆಯ ರಿಯಾಕ್ಟರುಗಳನ್ನು ನಿಲ್ಲಿಸಲು ಆಕೆ ಆದೇಶಿಸಿದರು. ಜೂನ್ ತಿಂಗಳಲ್ಲಿ, 2022ರ ಹೊತ್ತಿಗೆ ಪರಮಾಣು ವಿದ್ಯುತ್ತನ್ನೇ ಕೈಬಿಡುವ ನಿರ್ಣಯವಾಯಿತು. ಕೊನೆಯ ಮೂರು ಸ್ಥಾವರಗಳು 2023ರ ಏಪ್ರಿಲ್ 15ರಂದು ನಿಂತವು.

ಯುರೇನಿಯಂ ಪರಮಾಣು ಮಾರ್ಚ್ 10ರಂದು ಒಡೆಯುತ್ತಿದ್ದ ಹಾಗೆಯೇ ಮಾರ್ಚ್ 12ರಂದೂ ಒಡೆಯುತ್ತಿತ್ತು. ಜರ್ಮನಿಯಲ್ಲಿ ಸುನಾಮಿಯ ಭಯವೂ ಇಲ್ಲ. ಹಾಗಿದ್ದರೆ ಬದಲಾದದ್ದೇನು? ಜಪಾನಿನಷ್ಟು ಮುಂದುವರಿದ ದೇಶದಲ್ಲೇ ಇಂಥದು ಸಂಭವಿಸಿದ ಮೇಲೆ, ನಡೆಯುವ ಸಾಧ್ಯತೆ ತೀರ ಕಡಿಮೆ ಎಂಬ ಹಳೆಯ ಲೆಕ್ಕವನ್ನು ನೆಚ್ಚಿ ಕೂರಲಾಗದು ಎಂಬುದು ಆಕೆಯ ಸಮರ್ಥನೆ. ಎರಡೇ ವಾರದಲ್ಲಿ ದಕ್ಷಿಣದ ರಾಜ್ಯವೊಂದರಲ್ಲಿ ಚುನಾವಣೆಯಿತ್ತು, ಅದೇ ಕಾರಣ ಎಂದರು ವಿರೋಧಿಗಳು. ಹೊಸ ಪುರಾವೆ ಸಿಕ್ಕರೆ ಅಭಿಪ್ರಾಯ ಬದಲಿಸಬೇಕೆಂಬುದು ವಿಜ್ಞಾನಿಯ ಧರ್ಮವೇನೋ ಹೌದು. ಆದರೆ ಕಲ್ಲಿದ್ದಲು ಸ್ಥಾವರಗಳು ಹೊಗೆಯುಗುಳುತ್ತಿರುವಾಗ ಇವನ್ನು ಮೊದಲು ಮುಚ್ಚಿದ್ದು ನನಗಂತೂ ಸರಿಯೆನಿಸಿಲ್ಲ. ಓದುಗರು ಬೇರೆ ಅಭಿಪ್ರಾಯ ತಾಳಬಹುದು.

2015ರಲ್ಲಿ ಸಿರಿಯಾ ಮೊದಲಾದ ಕಡೆಗಳಿಂದ ನಿರಾಶ್ರಿತರ ಪ್ರವಾಹ ಬಂದಾಗ ಆಕೆ ಹಲಗೆಯ ಮೇಲೆ ಬಹಳ ಹೊತ್ತು ನಿಲ್ಲಲಿಲ್ಲ. ನಾವು ಇದನ್ನು ನಿಭಾಯಿಸಬಲ್ಲೆವು ಎಂದರು. ಆ ವರ್ಷ ಸುಮಾರು 8,90,000 ಜನ ಆಶ್ರಯ ಕೋರಿ ಜರ್ಮನಿಗೆ ಬಂದರು. ಆ ಗಡಿಬಿಡಿಯ ನಡುವೆಯೇ ಅಕ್ಟೋಬರಿನಲ್ಲಿ ಆಕೆ ನಮ್ಮ ಬೆಂಗಳೂರಿಗೂ ಬಂದು ಪ್ರಧಾನಿ ಮೋದಿಯವರೊಂದಿಗೆ ಆಡುಗೋಡಿಯ ಬಾಷ್ ಸಂಸ್ಥೆಯನ್ನು ನೋಡಿ ಹೋದದ್ದು ಕೆಲವರಿಗೆ ನೆನಪಿರಬಹುದು. ಆಶ್ರಯ ಕೊಟ್ಟದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. ವಲಸಿಗರನ್ನು ವಿರೋಧಿಸುವ ಪಕ್ಷವೊಂದು 2017ರಲ್ಲಿ ಶೇಕಡಾ 12.6 ಮತ ಪಡೆದು ಮೊದಲ ಬಾರಿಗೆ ಸಂಸತ್ತಿಗೆ ಬಂತು.

ಕೊರೊನಾ ಕಾಲದಲ್ಲೂ ಲೆಕ್ಕ ಸರಿಯಿದ್ದರೆ ಸಾಲಲಿಲ್ಲ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಆಕೆ ಮತ್ತೊಂದು ಲೆಕ್ಕ ಹಾಕಿದರು. ಮೂರು ತಿಂಗಳಲ್ಲಿ ದಿನದ ಹೊಸ ಸೋಂಕು 300ರಿಂದ 2,400ಕ್ಕೆ ಏರಿದೆ, ಎಂದರೆ ಮೂರು ಸಲ ಇಮ್ಮಡಿಯಾಗಿದೆ. ಇನ್ನು ಮೂರು ತಿಂಗಳಲ್ಲಿ ಮತ್ತೆ ಮೂರು ಸಲ ಇಮ್ಮಡಿಯಾದರೆ ಕ್ರಿಸ್‌ಮಸ್ ಹೊತ್ತಿಗೆ 19,200. ಸುಮ್ಮನೆ ಹೆದರಿಸುತ್ತಿದ್ದಾರೆ ಎಂದವರಿದ್ದರು. ನವೆಂಬರ್ ಮೊದಲ ವಾರದಲ್ಲೇ ಆ ಸಂಖ್ಯೆ ದಾಟಿತು. ಆದರೆ ಜರ್ಮನಿಯಲ್ಲಿ ಇಂಥ ನಿರ್ಬಂಧಗಳನ್ನು ವಿಧಿಸುವ ಅಧಿಕಾರ 16 ರಾಜ್ಯಗಳದು. ಮುಖ್ಯಮಂತ್ರಿಗಳು ಬೇಗ ಒಪ್ಪಲಿಲ್ಲ. 2021ರ ಮಾರ್ಚ್‌ನಲ್ಲಿ ಈಸ್ಟರ್ ರಜೆಗೆ ಅವಸರದಿಂದ ಘೋಷಿಸಿದ ಬಿಗಿ ನಿರ್ಬಂಧವನ್ನು ಎರಡೇ ದಿನದಲ್ಲಿ ಹಿಂತೆಗೆದುಕೊಂಡು, ತಪ್ಪು ನನ್ನದೊಬ್ಬಳದೇ ಎಂದು ಜನರ ಕ್ಷಮೆ ಕೇಳಿದರು.

ಇನ್ನೊಂದು ವಿಷಯದಲ್ಲಿ ಕ್ಷಮೆ ಕೇಳಲು ಒಪ್ಪಿಲ್ಲ. 2014ರಲ್ಲಿ ರಷ್ಯಾ ಕ್ರೈಮಿಯಾವನ್ನು ಕಬಳಿಸಿದ ಮೇಲೂ ಅಲ್ಲಿಂದ ಸಮುದ್ರದಡಿ ಅನಿಲ ತರುವ ಎರಡನೇ ಕೊಳವೆ ಮಾರ್ಗಕ್ಕೆ ಆಕೆಯ ಸರ್ಕಾರ ಅಡ್ಡಿ ಮಾಡಲಿಲ್ಲ. ಆಕೆ 2021ರ ಡಿಸೆಂಬರ್ 8ರಂದು ಅಧಿಕಾರ ಬಿಟ್ಟಾಗ ದೇಶಕ್ಕೆ ಬರುತ್ತಿದ್ದ ನೈಸರ್ಗಿಕ ಅನಿಲದ ಅರ್ಧಕ್ಕಿಂತ ಹೆಚ್ಚು ಪಾಲು ರಷ್ಯಾದ್ದು. ಎರಡೂವರೆ ತಿಂಗಳಿಗೆ ಯುಕ್ರೇನ್ ಯುದ್ಧ ಶುರುವಾಯಿತು. ಜರ್ಮನಿಯ ಮನೆಗಳಲ್ಲಿ ಅನಿಲದ ಬಿಲ್ಲು ನೋಡಿದವರೆಲ್ಲ ಮರ್ಕೆಲ್‌ರನ್ನು ನೆನೆದರು. 2022ರ ಜೂನ್‌ನಲ್ಲಿ ಬರ್ಲಿನ್‌ನ ರಂಗಮಂದಿರವೊಂದರಲ್ಲಿ ಸಂದರ್ಶಕರು ನೇರವಾಗಿಯೇ ಕೇಳಿದಾಗ, ರಷ್ಯಾ ನೀತಿಗಾಗಿ ಕ್ಷಮೆ ಕೇಳುವುದಿಲ್ಲ ಎಂದರು. 2024ರ ನವೆಂಬರಿನಲ್ಲಿ ಬಂದ ಆತ್ಮಕಥೆಗೆ ‘ಸ್ವಾತಂತ್ರ್ಯ’ ಎಂಬರ್ಥದ ಹೆಸರಿಟ್ಟಿದ್ದಾರೆ. ಏಳುನೂರಕ್ಕೂ ಹೆಚ್ಚು ಪುಟಗಳ ಆ ಪುಸ್ತಕದಲ್ಲೂ ಅನಿಲದ ವಿಷಯದಲ್ಲಿ ಆಕೆ ತಮ್ಮ ಹಳೆಯ ನಿಲುವನ್ನೇ ಸಮರ್ಥಿಸಿಕೊಂಡಿದ್ದಾರೆ.