ಮುಖಪರಿಚಯದ ಬಲ: ಕೊಪ್ಪದಂಥ ಊರಿಗೆ ಉದ್ಯೋಗ ಬಳಗ

ಕೆಲಸ ಖಾಲಿ ಇರುವ ಸುದ್ದಿ ಜಾಹೀರಾತಿಗಿಂತ ಮೊದಲು ಬಾಯಿಂದ ಬಾಯಿಗೆ ಹೋಗುತ್ತದೆ. ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿಯ ಮಟ್ಟಿಗೆ ಈ ಮಾತು ಇನ್ನೂ ಹೆಚ್ಚು ನಿಜ. ಇಲ್ಲಿ ಕಣ್ಣಿಗೆ ಬೀಳುವ ದೊಡ್ಡ ಉದ್ಯಮವೆಂದರೆ ಎನ್‌ಎಸ್‌ಎಲ್ ಸಕ್ಕರೆ ಕಾರ್ಖಾನೆ. ಅಲ್ಲಿಯ ಕೆಲಸ ಕಬ್ಬು ಅರೆಯುವ ಹಂಗಾಮಿನ ಜೊತೆ ಏರಿಳಿಯುತ್ತದೆ. ವರ್ಷಪೂರ್ತಿ ಸಂಬಳ ಕೊಡುವ ಕೆಲಸ ಬೇಕೆಂದರೆ ಗೆಜ್ಜಲಗೆರೆ, ಸೋಮನಹಳ್ಳಿ ಕೈಗಾರಿಕಾ ಪ್ರದೇಶ, ಬಿಡದಿ, ಹಾರೋಹಳ್ಳಿ, ಕೊನೆಗೆ ಬೆಂಗಳೂರಿನ ಕಡೆ ಮುಖ ಮಾಡಬೇಕು. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲೇ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಪ್ರಯಾಣದ ಹೊತ್ತನ್ನು ಇಳಿಸಿತು. ಯಾವ ಕಂಪನಿ ಯಾರನ್ನು ತೆಗೆದುಕೊಳ್ಳುತ್ತಿದೆ ಎಂಬ ಸುದ್ದಿ ಮಾತ್ರ ಹಳೆಯ ದಾರಿಯಲ್ಲೇ ಬರುತ್ತದೆ: ಪಾಸ್ ಮಾಡಿಸಿ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಓಡಾಡುವವರು, ಹಬ್ಬಕ್ಕೆ ಊರಿಗೆ ಬಂದ ದಾಯಾದಿಗಳು, ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನವರು. ಈ ದಾರಿಯನ್ನು ಅಗಲ ಮಾಡುವುದೇ ಆನ್‌ಲೈನ್ ಉದ್ಯೋಗ ಬಳಗದ ಕೆಲಸ. ಮೊಬೈಲ್‌ನಲ್ಲಿ ಒಂದು ಗ್ರೂಪ್ ತೆರೆದ ಮಾತ್ರಕ್ಕೆ ಅದು ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದನ್ನು ತಿಳಿಯಲು ಮಂಡ್ಯ ಜಿಲ್ಲೆಯದೇ ಒಂದು ಹಳೆಯ ಅಧ್ಯಯನ ನೆರವಾಗುತ್ತದೆ.

ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ನಡೆಸಿದರು. 1962ರಲ್ಲಿ ಬಂದ ಅವರ ಪುಸ್ತಕದಲ್ಲಿ ಈ ಹಳ್ಳಿಗಳ ಹೆಸರು ವಂಗಲ ಮತ್ತು ದಲೇನ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ವಂಗಲದ ಗದ್ದೆಗೆ ಬಂತು. ಎತ್ತರದಲ್ಲಿದ್ದ ದಲೇನದ ಹೊಲಗಳಿಗೆ ನೀರು ಹತ್ತಲಿಲ್ಲ. ನೀರು ಕಂಡ ಊರು ಕಬ್ಬು, ಭತ್ತ ಬೆಳೆದು ತನ್ನ ಪಾಡಿಗೆ ತಾನು ಬೇಸಾಯದಲ್ಲೇ ಗಟ್ಟಿಯಾಯಿತು. ಒಣಗಿ ಉಳಿದ ಊರಿನವರು ಹೊರಗೆ ಹೋದರು. ಮಂಡ್ಯದ ಕಾರ್ಖಾನೆ, ಕಚೇರಿಗಳಲ್ಲಿ ನೌಕರಿ ಹಿಡಿದರು, ಕಬ್ಬು ಸಾಗಿಸುವ ಗಾಡಿ ಹೂಡಿದರು, ಹಿಟ್ಟಿನ ಗಿರಣಿ ಹಾಕಿದರು, ಅಕ್ಕಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು. ಈ ಓಡಾಟದಲ್ಲಿ ಅವರಿಗೆ ಮಂಡ್ಯ ಪೇಟೆಯಲ್ಲಿ ಹತ್ತಾರು ಜನರ ಪರಿಚಯವಾಯಿತು. ಊರಿನ ಹಳೆಯ ಕಟ್ಟುಪಾಡುಗಳು ವಂಗಲಕ್ಕಿಂತ ಬೇಗ ಸಡಿಲವಾದವು. ಸುದ್ದಿಯ ವಿಷಯದಲ್ಲಿ ದಲೇನ ಶ್ರೀಮಂತವಾಯಿತು ಎಂದರೆ ತಪ್ಪಾಗದು.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದೇ ಸಂಗತಿಗೆ ಒಂದು ಸಿದ್ಧಾಂತದ ರೂಪ ಕೊಟ್ಟರು. ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಅವರು ವಿಚಾರಿಸಿದ್ದರು. ಪರಿಚಯಸ್ಥರ ಮೂಲಕ ಕೆಲಸ ಸಿಕ್ಕವರಲ್ಲಿ, ಸುದ್ದಿ ಕೊಟ್ಟವರನ್ನು ಪದೇಪದೇ ನೋಡುತ್ತಿದ್ದವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದವರು ಶೇ 55.6, ಅಪರೂಪಕ್ಕೆ ಕಾಣುತ್ತಿದ್ದವರು ಶೇ 27.8. ಕಾರಣ ಸರಳ. ಜೀವದ ಗೆಳೆಯನಿಗೆ ಗೊತ್ತಿರುವುದೆಲ್ಲ ಇವನಿಗೂ ಗೊತ್ತು. ಇಬ್ಬರೂ ಒಂದೇ ಅರಳಿಕಟ್ಟೆಯವರು. ಬರೀ ಮುಖಪರಿಚಯವಿರುವ ಮನುಷ್ಯ ಬೇರೆ ಕಟ್ಟೆಯಿಂದ ಬಂದವನು, ಹಾಗಾಗಿ ಅವನ ಬಾಯಲ್ಲಿ ಹೊಸ ಸುದ್ದಿ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಐದು ವರ್ಷಗಳ ಮಾಹಿತಿಯ ಮೇಲೆ ಇದನ್ನು ಪರೀಕ್ಷಿಸಿ, ಸಣ್ಣ ತಿದ್ದುಪಡಿಯೊಂದಿಗೆ ಒಪ್ಪಿತು: ತೀರಾ ಹತ್ತಿರದ ನಂಟೂ ಅಲ್ಲ, ತೀರಾ ದೂರದ್ದೂ ಅಲ್ಲ, ನಡುವಿನ ಪರಿಚಯವೇ ಕೆಲಸ ಬದಲಿಸಲು ಹೆಚ್ಚು ನೆರವಾಗುತ್ತದೆ.

ಕೊಪ್ಪದ ಹುಡುಗರ ಒಂದು ವಾಟ್ಸ್‌ಆ್ಯಪ್ ಗ್ರೂಪ್‌ನಿಂದ ಕೆಲಸ ಸಿಗುವುದು ಯಾಕೆ ಕಷ್ಟ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಆ ಗ್ರೂಪ್ ಒಂದೇ ಕಾಲೇಜಿನ, ಒಂದೇ ಬ್ಯಾಚಿನ, ಬಹಳ ಸಲ ಒಂದೇ ಬೀದಿಯ ಗುಂಪು. ಅಲ್ಲಿ ಕೆಲಸ ಹುಡುಕುವವರೇ ಎಲ್ಲ, ಕೆಲಸ ಗೊತ್ತಿರುವವರು ಇಲ್ಲ. ಉದ್ಯೋಗ ಬಳಗಕ್ಕೆ ಮೊದಲು ಸೇರಿಸಬೇಕಾದವರು ಈಗಾಗಲೇ ಹೊರಗೆ ನೆಲೆ ಕಂಡವರು. ಬಿಡದಿಯ ಕಾರ್ಖಾನೆಯಲ್ಲಿ ಲೈನ್ ಲೀಡರ್ ಆದವರು, ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆದ ಹೆಣ್ಣುಮಕ್ಕಳು, ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಐಟಿ ಕಂಪನಿ ಸೇರಿದವರು, ಆಸ್ಪತ್ರೆಯ ನರ್ಸುಗಳು, ಬ್ಯಾಂಕ್ ನೌಕರರು. ಇಂಥವರು ಮೂವತ್ತು ಜನ ಸೇರುವ ಮೊದಲು ಹುಡುಕುವವರಿಗೆ ಬಾಗಿಲು ತೆರೆದರೆ ಬಳಗ ಹುಟ್ಟುವಾಗಲೇ ಬಡವಾಗಿರುತ್ತದೆ.

ಇಂಥ ಜಾಲ ಹಿಂದೆ ಇರಲಿಲ್ಲ ಎಂದೇನಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಜಾತಿ ಸಂಘಗಳು ಕಟ್ಟಿದ ಹಾಸ್ಟೆಲ್‌ಗಳು ಹಳ್ಳಿ ಮಕ್ಕಳಿಗೆ ಓದಿನ ಜೊತೆಗೆ ಕೆಲಸದ ದಾರಿಯನ್ನೂ ತೋರಿಸಿದವು. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘ ಅವುಗಳಲ್ಲಿ ಹೆಸರುವಾಸಿ. ಆ ಜಾಲ ಬಲವಾಗಿತ್ತು, ಆದರೆ ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಮೊದಲೇ ನಿರ್ಧಾರವಾಗಿರುತ್ತಿತ್ತು. ಹೊಸ ಬಳಗವೂ ಹಳೆಯ ಜಾಡಿನಲ್ಲೇ ಬೆಳೆದರೆ ಆನ್‌ಲೈನ್ ಎಂಬುದು ಬರೀ ಅಲಂಕಾರವಾಗುತ್ತದೆ.

ಕರ್ನಾಟಕದಲ್ಲಿ ಪರಿಚಯದ ಜಾಲವನ್ನು ಆನ್‌ಲೈನ್‌ಗೆ ತರುವ ಪ್ರಯೋಗವನ್ನು ಗಂಭೀರವಾಗಿ ಮಾಡಿದ್ದು ಬೆಂಗಳೂರಿನ ಬಾಬಾಜಾಬ್ ಎಂಬ ಉದ್ಯೋಗ ಜಾಲತಾಣ. ಮೈಕ್ರೋಸಾಫ್ಟ್ ರಿಸರ್ಚ್‌ನ ಬೆಂಗಳೂರು ಪ್ರಯೋಗಾಲಯದಲ್ಲಿದ್ದ ಶಾನ್ ಬ್ಲಾಗ್ಸ್‌ವೆಟ್ 2007ರಲ್ಲಿ ಇದನ್ನು ಆರಂಭಿಸಿದರು. ಹಿನ್ನೆಲೆಯಲ್ಲಿದ್ದದ್ದು ಡ್ಯೂಕ್ ವಿಶ್ವವಿದ್ಯಾಲಯದ ಅನಿರುದ್ಧ ಕೃಷ್ಣ ಅವರ ಅಧ್ಯಯನ. ಬಡತನದಿಂದ ಮೇಲೆದ್ದ ಕುಟುಂಬಗಳಲ್ಲಿ ಹೆಚ್ಚಿನವು ಹೊಸ ಆದಾಯದ ದಾರಿ ಹಿಡಿದಿದ್ದವು, ಪೇಟೆಯ ಕೆಲಸ ಸಿಕ್ಕಿದ್ದು ಬಹುಮಟ್ಟಿಗೆ ಅಲ್ಲಿ ಮೊದಲೇ ಇದ್ದ ನೆಂಟ ಅಥವಾ ಗೆಳೆಯನ ಮಾತಿನಿಂದ ಎಂಬುದು ಅದರ ಸಾರ. ಹಾಗಾದರೆ ಸಾಫ್ಟ್‌ವೇರ್ ಎಂಜಿನಿಯರನಿಗೆ ಲಿಂಕ್ಡ್‌ಇನ್ ಮಾಡುವ ಕೆಲಸವನ್ನು ಮನೆಗೆಲಸದವರಿಗೆ, ಡ್ರೈವರ್‌ಗಳಿಗೆ, ಅಡುಗೆಯವರಿಗೆ, ಪೇಂಟರ್‌ಗಳಿಗೆ ಯಾಕೆ ಮಾಡಬಾರದು?

ತೊಡಕು ಶುರುವಾಗಿದ್ದು ಇಲ್ಲಿಂದ. ಅಡುಗೆಯವರ ಬಳಿ ಕಂಪ್ಯೂಟರ್ ಇರಲಿಲ್ಲ, ಇಂಗ್ಲಿಷಿನಲ್ಲಿ ಬಯೋಡೇಟಾ ಬರೆಯುವ ಅಭ್ಯಾಸವೂ ಇರಲಿಲ್ಲ. ಆದ್ದರಿಂದ ಮೊದಮೊದಲು ಅವರ ಹೆಸರನ್ನು ಬೇರೆಯವರು ನೋಂದಾಯಿಸುತ್ತಿದ್ದರು. ಉದ್ಯೋಗದಾತ ಮತ್ತು ಕೆಲಸಗಾರನ ನಡುವೆ ಪರಿಚಯದ ಕೊಂಡಿಯಾದವರಿಗೆ ಸ್ವಲ್ಪ ಹಣ ಸಿಗುವ ಏರ್ಪಾಡೂ ಇತ್ತು. ಮುಂದೆ ಸಂಸ್ಥೆ ಎಸ್‌ಎಂಎಸ್, ಧ್ವನಿ ಕರೆ, ಮಿಸ್ಡ್ ಕಾಲ್ ಕಡೆ ತಿರುಗಿತು. ಸಾಮಾನ್ಯ ಫೋನಿನಿಂದ ಒಂದು ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಬರುತ್ತಿತ್ತು. 2015ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಭಾರತಕ್ಕೆ ತಂದ ಇಂಟರ್‌ನೆಟ್ ಡಾಟ್ ಆರ್ಗ್‌ನ ಉಚಿತ ಸೇವೆಗಳ ಪಟ್ಟಿಯಲ್ಲೂ ಬಾಬಾಜಾಬ್ ಇತ್ತು. 2017ರಲ್ಲಿ ಜಾಹೀರಾತು ಜಾಲತಾಣ ಕ್ವಿಕರ್ ಅದನ್ನು ಕೊಂಡುಕೊಂಡಿತು.

ಇದರಿಂದ ಕೊಪ್ಪದಂಥ ಊರು ತೆಗೆದುಕೊಳ್ಳಬೇಕಾದ್ದು ಮಿಸ್ಡ್ ಕಾಲ್ ಯೋಚನೆಯನ್ನು. ಬಿಡಬೇಕಾದ್ದು ಕೊಂಡಿಯಾದವರಿಗೆ ಹಣ ಕೊಡುವ ಏರ್ಪಾಡನ್ನು. ಮಹಾನಗರದಲ್ಲಿ ಅದು ಉತ್ತೇಜನ. ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಹೋಬಳಿಯಲ್ಲಿ ಅದು ಆರು ತಿಂಗಳಲ್ಲಿ ದಲ್ಲಾಳಿತನ. ಕಾಂಟ್ರಾಕ್ಟರ್‌ಗಳ ಏಜೆಂಟರು ಬಳಗದೊಳಗೆ ನುಸುಳಲು ಅದಕ್ಕಿಂತ ಒಳ್ಳೆಯ ಬಾಗಿಲು ಬೇರೆ ಇಲ್ಲ.

ಬಳಗದ ನಿಜವಾದ ಕಟ್ಟೋಣ ನಡೆಯುವುದು ಒಂದೊಂದು ಸುದ್ದಿಯ ಮಟ್ಟದಲ್ಲಿ. ದಿನಬೆಳಗಾದರೆ ಫಾರ್ವರ್ಡ್ ಆಗುವ ಸಂದೇಶದ ಮಾದರಿ ಇದು: ‘ಬಿಡದಿ ಕಂಪನಿಗೆ ಹುಡುಗರು ಬೇಕು. ಸಂಬಳ 18,000. ಊಟ, ರೂಮ್ ಫ್ರೀ. ಕೂಡಲೇ ಕರೆ ಮಾಡಿ.’ ಇದರಲ್ಲಿ ಕಂಪನಿಯ ಹೆಸರಿಲ್ಲ, ತಾರೀಖಿಲ್ಲ. ನೇರ ನೇಮಕವೋ ಕಾಂಟ್ರಾಕ್ಟೋ ತಿಳಿಯದು. ಶಿಫ್ಟ್ ಯಾವುದು, ಕಂಪನಿ ಬಸ್ಸು ಮದ್ದೂರಿಗೆ ಬರುತ್ತದೆಯೋ ರಾಮನಗರಕ್ಕೇ ನಿಲ್ಲುತ್ತದೆಯೋ ಎಂಬುದೂ ಇಲ್ಲ. ಸಂಬಳದ ಅಂಕಿಯಂತೂ ಅರ್ಧ ಸತ್ಯ. ಒಟ್ಟು 18,000ದಲ್ಲಿ ಮೂಲ ವೇತನ 15,000 ಇದ್ದರೆ ಪಿಎಫ್‌ಗೆ ಶೇ 12ರಂತೆ 1,800 ರೂಪಾಯಿ, ಇಎಸ್‌ಐಗೆ ಒಟ್ಟು ಸಂಬಳದ ಶೇ 0.75ರಂತೆ 135 ರೂಪಾಯಿ ಕಳೆದು ಕೈಗೆ ಬರುವುದು 16,065. ಕ್ಯಾಂಟೀನಿಗೂ ಬಸ್ಸಿಗೂ ಹಿಡಿದರೆ ಇನ್ನೂ ಕಡಿಮೆ. ಪಿಎಫ್ ಕಳೆಯುವುದು ನಷ್ಟವಲ್ಲ ಎಂಬುದು ಬೇರೆ ಮಾತು. ಮೊದಲ ತಿಂಗಳ ಸಂಬಳ ನೋಡಿ ಮೋಸವಾಯಿತೆಂದು ಕೆಲಸ ಬಿಟ್ಟು ಬರುವ ಹುಡುಗನಿಗೆ ಅದನ್ನು ಯಾರೂ ಮೊದಲೇ ಹೇಳಿರುವುದಿಲ್ಲ.

ಆದ್ದರಿಂದ ಬಳಗದಲ್ಲಿ ಸುದ್ದಿ ಹಾಕುವವರು ಇಷ್ಟು ವಿವರ ಕೊಡಲೇಬೇಕೆಂಬ ಕಟ್ಟುನಿಟ್ಟು ಬೇಕು. ಅಲ್ಲಿ ಕೆಲಸ ಮಾಡುವ ಸದಸ್ಯರೊಬ್ಬರು ‘ಹೌದು, ಇದು ನಿಜ’ ಎಂದ ಮೇಲಷ್ಟೇ ಸುದ್ದಿ ಎಲ್ಲರಿಗೂ ಹೋಗಬೇಕು. ಅದಕ್ಕಿಂತ ಬೇಸರದ, ಅದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ: ಭರ್ತಿಯಾದ ಕೆಲಸಗಳನ್ನು ಪಟ್ಟಿಯಿಂದ ತೆಗೆಯುವುದು. ಮೂರು ಸಲ ಕರೆ ಮಾಡಿ ‘ಮುಗಿದುಹೋಯಿತು’ ಎಂದು ಕೇಳಿಸಿಕೊಂಡವರು ನಾಲ್ಕನೇ ಸಲ ಬಳಗದ ಕಡೆ ತಿರುಗಿ ನೋಡುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹರಿದು ಮೇಲೆ ಹೋಗಿ ಮಾಯವಾಗುವುದರಿಂದ ಜೊತೆಗೆ ಎಲ್ಲರೂ ನೋಡಬಹುದಾದ ಒಂದು ಗೂಗಲ್ ಶೀಟ್ ಇಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕೆ ಆ್ಯಪ್ ಬೇಕಿಲ್ಲ, ಹಣವೂ ಬೇಕಿಲ್ಲ, ದಿನಕ್ಕೆ ಅರ್ಧ ಗಂಟೆ ಕೊಡುವ ಮನುಷ್ಯ ಬೇಕು. ಅಂಥವರು ಹೆಚ್ಚು ಸಿಗುವುದಿಲ್ಲ. ಆನ್‌ಲೈನ್ ಸಮುದಾಯಗಳಲ್ಲಿ ನೂರಕ್ಕೆ ತೊಂಬತ್ತು ಮಂದಿ ಸುಮ್ಮನೆ ನೋಡುವವರು, ಒಂಬತ್ತು ಮಂದಿ ಆಗಾಗ ಬರೆಯುವವರು, ಒಬ್ಬರು ಮಾತ್ರ ದುಡಿಯುವವರು ಎಂದು ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಹೇಳಿದ್ದರು. ಲೆಕ್ಕ ಅಂದಾಜಿನದು, ಅನುಭವ ಎಲ್ಲ ಕಡೆಯದು.

ವಾಟ್ಸ್‌ಆ್ಯಪ್ ಗ್ರೂಪ್‌ನ ಮಿತಿ 1,024 ಸದಸ್ಯರು. ಟೆಲಿಗ್ರಾಂ ಗ್ರೂಪ್‌ನದು 2 ಲಕ್ಷ. ದೊಡ್ಡದೇ ಒಳ್ಳೆಯದು ಎಂದುಕೊಂಡರೆ ಎಡವುವುದು ಖಂಡಿತ. ಗ್ರೂಪ್ ದೊಡ್ಡದಾದಷ್ಟೂ ವಂಚಕರಿಗೆ ಹಬ್ಬ. ನೋಂದಣಿ ಶುಲ್ಕ, ಸಮವಸ್ತ್ರದ ಡಿಪಾಸಿಟ್, ಲ್ಯಾಪ್‌ಟಾಪ್‌ಗೆ ಮುಂಗಡ, ಮನೆಯಲ್ಲೇ ಕುಳಿತು ‘ಟಾಸ್ಕ್’ ಮುಗಿಸಿದರೆ ಹಣ ಎಂಬ ಆಸೆ, ವಿದೇಶದಲ್ಲಿ ಡೇಟಾ ಎಂಟ್ರಿ ಕೆಲಸ. ಹೀಗೆ ನಂಬಿ ಹೋದ ಭಾರತೀಯರು ಕಾಂಬೋಡಿಯಾದ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಸಿಕ್ಕಿಬಿದ್ದದ್ದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ಕೆಲಸ ಕೊಡುವವರು ಹಣ ಕೇಳುವುದಿಲ್ಲ, ಕೇಳಿದವರ ಸುದ್ದಿ ಬಳಗದಲ್ಲಿ ಇರುವುದಿಲ್ಲ ಎಂಬ ಒಂದೇ ನಿಯಮ ಮುಕ್ಕಾಲು ಅಪಾಯವನ್ನು ತಡೆಯುತ್ತದೆ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನು ಗ್ರೂಪ್‌ನ ವಿವರಣೆಯಲ್ಲೇ ಬರೆದಿಡಬಹುದು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಯೋಚಿಸಬೇಕಾದ್ದು. ಸಾಮಾನ್ಯ ಗ್ರೂಪ್‌ನಲ್ಲಿ ಪ್ರತಿಯೊಬ್ಬರ ನಂಬರ್ ಪ್ರತಿಯೊಬ್ಬರಿಗೂ ಕಾಣುತ್ತದೆ. ಕೆಲಸ ಕೇಳಿದ ಹುಡುಗಿಗೆ ರಾತ್ರಿ ಹತ್ತಕ್ಕೆ ‘ಹಾಯ್’ ಬರಲು ಇಷ್ಟು ಸಾಕು. ಆಮೇಲೆ ಅವಳು ಗ್ರೂಪ್ ಬಿಡುತ್ತಾಳೆ, ಅವಳನ್ನು ನೋಡಿ ಇನ್ನೂ ನಾಲ್ವರು ಸೇರುವುದಿಲ್ಲ. 2022ರ ನವೆಂಬರಿನಲ್ಲಿ ಬಂದ ವಾಟ್ಸ್‌ಆ್ಯಪ್‌ನ ‘ಕಮ್ಯುನಿಟಿ’ ವ್ಯವಸ್ಥೆಯಲ್ಲಿ ಅಡ್ಮಿನ್ ಮಾತ್ರ ಪ್ರಕಟಣೆ ಹಾಕುತ್ತಾರೆ, ಸದಸ್ಯರ ನಂಬರ್ ಎಲ್ಲರಿಗೂ ಕಾಣುವುದಿಲ್ಲ. ಅಡ್ಮಿನ್‌ಗಳಲ್ಲಿ ಅರ್ಧದಷ್ಟು ಮಹಿಳೆಯರಿರುವುದು ಇದಕ್ಕಿಂತ ಹೆಚ್ಚು ಉಪಯೋಗದ್ದು. ಗಾರ್ಮೆಂಟ್ಸ್ ಕೆಲಸದ ಸುದ್ದಿಗೆ ಅವರೇ ಮೂಲ.

ಸರ್ಕಾರದ ಕಡೆಯಿಂದ ಪಟ್ಟಿಗಳಿಗೆ ಕೊರತೆಯಿಲ್ಲ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕೆಂಬ ಕಾನೂನು 1959ರಲ್ಲೇ ಬಂತು. ತಿಳಿಸಬೇಕಿತ್ತೇ ಹೊರತು ಅಲ್ಲಿಂದಲೇ ತೆಗೆದುಕೊಳ್ಳಬೇಕಿರಲಿಲ್ಲ. ಕೇಂದ್ರದ ಉದ್ಯೋಗ ಜಾಲತಾಣ ನ್ಯಾಷನಲ್ ಕರಿಯರ್ ಸರ್ವಿಸ್ 2015ರ ಜುಲೈನಲ್ಲಿ ಶುರುವಾಯಿತು, ರಾಜ್ಯದ್ದು ಸ್ಕಿಲ್ ಕನೆಕ್ಟ್. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಕಂತು ಬಿಡುಗಡೆಯಾದ ರಾಜ್ಯದ ನಿರುದ್ಯೋಗ ಭತ್ಯೆ ಯೋಜನೆ ಯುವನಿಧಿ, ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಈ ಪಟ್ಟಿಗಳು ಕೆಲಸ ಹುಡುಕುವವರ ಹೆಸರನ್ನು ಬಲ್ಲವು, ಅವರ ಪರವಾಗಿ ಒಂದು ಮಾತು ಹೇಳಲಾರವು. ‘ಈ ಹುಡುಗ ವೆಲ್ಡಿಂಗ್ ಚೆನ್ನಾಗಿ ಮಾಡುತ್ತಾನೆ, ನಾನು ನೋಡಿದ್ದೇನೆ’ ಎಂಬ ಮಾತು ಮನುಷ್ಯರಿಂದಲೇ ಬರಬೇಕು. ಜಾಲತಾಣಗಳಲ್ಲಿ ‘ಕೊಪ್ಪ’ ಎಂದು ಹುಡುಕಿದರೆ ಚಿಕ್ಕಮಗಳೂರಿನ ಕೊಪ್ಪ ಎದುರಾಗಬಹುದು ಎಂಬ ಕಿರಿಕಿರಿ ಬೇರೆ.

ಹಾಗೆಂದು ಸರ್ಕಾರಿ ದಾರಿಗಳನ್ನು ಬಳಗ ಬಿಡಬೇಕಿಲ್ಲ. ಗ್ರಾಮೀಣ ಬ್ಯಾಂಕ್‌ಗಳ ನೇಮಕಾತಿ ಪರೀಕ್ಷೆಯನ್ನು ಪ್ರಾದೇಶಿಕ ಭಾಷೆಗಳಲ್ಲೂ ನಡೆಸುವುದಾಗಿ ಕೇಂದ್ರ ಘೋಷಿಸಿದ್ದು 2019ರಲ್ಲಿ. ಅರೆಸೇನಾ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲೂ ನಡೆಯುತ್ತಿದೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಗ್ರಾಮೀಣ ಮಕ್ಕಳಿಗಾಗಿ ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಇದೆ. ಅರ್ಜಿಯ ಕೊನೆಯ ದಿನ ದಾಟಿದ ಮೇಲೆ ಇಂಥವುಗಳ ಸುದ್ದಿ ಊರಿಗೆ ಬರುವುದೇ ಹೆಚ್ಚು. ಹಿಂದಿನ ವರ್ಷ ಪರೀಕ್ಷೆ ಬರೆದವರು ಬಳಗದಲ್ಲಿದ್ದರೆ ಈ ಕೊರತೆ ತಾನಾಗಿ ನೀಗುತ್ತದೆ.

ಫೋನ್ ಇಲ್ಲದವರಿಗೆ, ಅರ್ಜಿ ತುಂಬಲು ತಿಣುಕುವವರಿಗೆ ನೆಲದ ಮೇಲೆ ಒಂದು ಜಾಗವೂ ಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಹಲವು ಕಡೆ ಕಂಪ್ಯೂಟರ್, ಇಂಟರ್‌ನೆಟ್ ಬಂದಿವೆ. ವಾರಕ್ಕೊಮ್ಮೆ, ಭಾನುವಾರ ಊರಿಗೆ ಬಂದ ನೌಕರರಿಬ್ಬರು ಅಲ್ಲಿ ಕುಳಿತು ಬಯೋಡೇಟಾ ತಿದ್ದಿ, ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆಂದು ಹೇಳಿಕೊಟ್ಟರೆ ಆನ್‌ಲೈನ್ ಬಳಗಕ್ಕೆ ಕಾಲು ಬಂದಂತೆ. ಗೂಗಲ್ ಶೀಟ್‌ನ ಈ ವಾರದ ಹಾಳೆಯನ್ನು ಮುದ್ರಿಸಿ ಗೋಡೆಗೆ ಅಂಟಿಸುವುದಕ್ಕೆ ಖರ್ಚು ಐದು ರೂಪಾಯಿ.

ಉಳಿಯುವುದು ಬಳಗದ ಆಯುಷ್ಯದ ಪ್ರಶ್ನೆ. ಕೆಲಸ ಸಿಕ್ಕವರು ಗ್ರೂಪ್ ಬಿಟ್ಟು ಹೋಗುವುದು ಸಹಜ. ಹಾಗೆ ಹೋದಾಗ ಬಳಗ ಕಳೆದುಕೊಳ್ಳುವುದು ತನ್ನ ಅತ್ಯಂತ ಬೆಲೆಬಾಳುವ ಸದಸ್ಯರನ್ನು. ನೆರವು ಪಡೆದವರು ಒಂದು ವರ್ಷದೊಳಗೆ ತಮ್ಮ ಕಂಪನಿಯ ಒಂದಾದರೂ ಖಾಲಿ ಜಾಗದ ಸುದ್ದಿ ತರಬೇಕು ಎಂಬ ಒಪ್ಪಂದ ಸೇರುವಾಗಲೇ ಆಗಿರಬೇಕು. ಅಡ್ಮಿನ್ ಕೆಲಸ ಒಬ್ಬರ ಕೈಯಲ್ಲೇ ಉಳಿದರೆ ಅವರ ಮದುವೆಗೋ ವರ್ಗಾವಣೆಗೋ ಬಳಗ ನಿಂತುಹೋಗುತ್ತದೆ. ಚುನಾವಣೆ ಹತ್ತಿರ ಬಂದಾಗ ಯಾವುದಾದರೂ ಪಕ್ಷದ ಪ್ರಚಾರದ ಗ್ರೂಪ್ ಆಗುವುದೂ ಉಂಟು. ಪ್ರತಿ ಆರು ತಿಂಗಳಿಗೆ ಅಡ್ಮಿನ್‌ಗಳಲ್ಲಿ ಒಬ್ಬರು ಇಳಿದು, ಬಳಗದಿಂದ ಕೆಲಸ ಪಡೆದವರೊಬ್ಬರು ಆ ಜಾಗಕ್ಕೆ ಬರುವ ಪದ್ಧತಿ ಈ ಎರಡೂ ತೊಂದರೆಗೆ ಸದ್ಯಕ್ಕೆ ಇರುವ ಸುಲಭದ ಉಪಾಯ.